ಯಾರ ‘ಹೌದು’, ಯಾರ ‘ಇಲ್ಲ’

ಸ್ಪ್ಯಾನಿಷ್ ಕಲಿಸುವ ಪಠ್ಯಪುಸ್ತಕಗಳಲ್ಲಿ ಒಂದು ಪಟ್ಟಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಂದು ಕಡೆ ಒಪ್ಪಿಗೆಯ ಮಾತುಗಳು, ಇನ್ನೊಂದು ಕಡೆ ಭಿನ್ನಾಭಿಪ್ರಾಯದ ಮಾತುಗಳು, ಪ್ರತಿಯೊಂದರ ಎದುರಿಗೆ ಅದರ ಇಂಗ್ಲಿಷ್ ರೂಪ. ಜೊತೆಗೊಂದು ಕಿವಿಮಾತು: ಸ್ಪೇನಿನವರು ನೇರ ಮಾತಿನವರು, ಇಂಗ್ಲಿಷರು ಸುತ್ತಿ ಬಳಸಿ ಹೇಳುವವರು, ಅವರ ‘ಇಲ್ಲ’ವನ್ನು ಒರಟುತನವೆಂದೂ ಇವರ ‘ಹೌದು’ವನ್ನು ಒಪ್ಪಿಗೆಯೆಂದೂ ತಿಳಿಯಬೇಡಿ. ಈ ಕಿವಿಮಾತು ಪೂರ್ತಿ ಸುಳ್ಳಲ್ಲ. ಪ್ರವಾಸಿಗೆ, ವ್ಯಾಪಾರಿಗೆ, ಪರೀಕ್ಷೆ ಬರೆಯುವ ವಿದ್ಯಾರ್ಥಿಗೆ ಇಷ್ಟು ಸಾಕಾಗಬಹುದು. ಆದರೆ ಆ ಎರಡು ಭಾಷೆಗಳ ಕಥೆ, ನಾಟಕ, ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವವರಿಗೆ ಇದು ಸಾಲದು ಎಂದು ನನಗೆ ಅನ್ನಿಸುತ್ತ ಬಂದಿದೆ.

ಸಾಲದು ಯಾಕೆಂದರೆ, ಒಪ್ಪಿಗೆಯನ್ನು ಹೇಗೆ ಹೇಳಬೇಕು ಎಂಬುದನ್ನು ಪಟ್ಟಿ ತಿಳಿಸುತ್ತದೆ; ಹೇಳುವವರು ಯಾರು, ಬೇರೆ ಉತ್ತರ ಕೊಡುವ ಅವಕಾಶ ಅವರಿಗಿತ್ತೇ ಎಂಬುದನ್ನು ತಿಳಿಸುವುದಿಲ್ಲ. ಸಾಹಿತ್ಯ ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ. ‘ಇಲ್ಲ’ ಎನ್ನುವ ದಾರಿ ತೆರೆದಿದ್ದಾಗ ಮಾತ್ರ ‘ಹೌದು’ ಎಂಬುದಕ್ಕೆ ಬೆಲೆ. ಈ ಮಾತನ್ನು ನಾಲ್ಕಾರು ಕೃತಿಗಳ ಮೂಲಕ ಮತ್ತು ಇತಿಹಾಸದ ಒಂದು ಘಟನೆಯ ಮೂಲಕ ಪರೀಕ್ಷಿಸಿ ನೋಡಬೇಕೆಂಬುದು ನನ್ನ ಉದ್ದೇಶ.

ಮೊದಲು ಸ್ವಲ್ಪ ವ್ಯಾಕರಣ. ಇಂಗ್ಲಿಷಿನಲ್ಲಿ ಒಪ್ಪುವುದು ಒಂದು ಕ್ರಿಯೆ. ‘ಐ ಅಗ್ರೀ’ ಎಂದಾಗ ‘ನಾನು’ ಎಂಬ ಕರ್ತೃ ಒಂದು ಕೆಲಸ ಮಾಡುತ್ತಾನೆ. ಸ್ಪ್ಯಾನಿಷಿನಲ್ಲಿ ಅದೊಂದು ಸ್ಥಿತಿ. ‘ಎಸ್ತೊಯ್ ದೆ ಅಕ್ವೆರ್ದೊ’ ಎಂದರೆ ಸುಮಾರಾಗಿ ‘ನಾನು ಒಮ್ಮತದಲ್ಲಿ ಇದ್ದೇನೆ’ ಎಂದು. ಆ ಭಾಷೆಯಲ್ಲಿ ‘ಇರು’ ಎಂಬ ಅರ್ಥಕ್ಕೆ ಎರಡು ಕ್ರಿಯಾಪದಗಳಿವೆ. ಗುಣ, ಗುರುತು, ಮೂಲಗಳನ್ನು ಹೇಳಲು ‘ಸೆರ್’. ಸದ್ಯದ ಸ್ಥಿತಿಯನ್ನು, ಇರುವ ಜಾಗವನ್ನು ಹೇಳಲು ‘ಎಸ್ತಾರ್’. ಒಪ್ಪಿಗೆ ಬಿದ್ದಿರುವುದು ಎರಡನೆಯದರ ಪಾಲಿಗೆ. ಮನುಷ್ಯ ಒಂದು ಊರಿನಲ್ಲಿ ಇರುವ ಹಾಗೆ ಒಂದು ಅಭಿಪ್ರಾಯದಲ್ಲಿ ಇರುತ್ತಾನೆ. ನಾಳೆ ಅಲ್ಲಿಂದ ಹೊರಡಬಹುದು. ಸ್ಪ್ಯಾನಿಷ್ ಮನೆಮಾತಿನವರು ಇಂಗ್ಲಿಷ್ ಕಲಿಯುವಾಗ ‘ಐ ಆ್ಯಮ್ ಅಗ್ರೀ’ ಎಂದು ಎಡವುವುದು ಈ ಕಾರಣಕ್ಕೆ. ‘ಅಕ್ವೆರ್ದೊ’ದ ಮೂಲದಲ್ಲಿ ಹೃದಯ ಎಂಬ ಅರ್ಥದ ಲ್ಯಾಟಿನ್ ಪದವಿದೆ, ‘ಅಗ್ರೀ’ ಫ್ರೆಂಚಿನಿಂದ ಬಂದದ್ದು, ಅದರ ಬೇರು ಹಿತ, ಮೆಚ್ಚುಗೆ ಎಂಬ ಅರ್ಥದ್ದು. ನಮ್ಮ ‘ಒಪ್ಪು’ ಈ ಎರಡನೆಯದಕ್ಕೆ ಹತ್ತಿರ. ಮಾತಿಗೂ ಒಪ್ಪುತ್ತೇವೆ, ಉಟ್ಟ ಸೀರೆಯೂ ಒಪ್ಪುತ್ತದೆ.

ಇದಕ್ಕಿಂತ ಕುತೂಹಲದ್ದು ‘ರಾಸೋನ್’ ಎಂಬ ಪದ. ಇಂಗ್ಲಿಷಿನಲ್ಲಿ ಒಬ್ಬರ ಮಾತು ಸರಿಯೆನಿಸಿದರೆ ‘ಯೂ ಆರ್ ರೈಟ್’ ಎನ್ನುತ್ತಾರೆ: ನೀನೇ ಸರಿ. ಸ್ಪ್ಯಾನಿಷಿನಲ್ಲಿ ‘ತಿಯೆನೆಸ್ ರಾಸೋನ್’: ನಿನ್ನ ಬಳಿ ರಾಸೋನ್ ಇದೆ. ಕಾರಣ, ವಿವೇಕ, ನ್ಯಾಯ ಮೂರೂ ಸೇರಿದ ಪದ ಅದು. ‘ನಿನ್ನ ಮಾತಲ್ಲಿ ನ್ಯಾಯ ಇದೆ’ ಎಂಬ ನಮ್ಮ ಮಾತಿನ ಜಾಡು ಇಲ್ಲಿ ಕಾಣುತ್ತದೆ. ಒಬ್ಬರ ಬಳಿ ಇರುವ ವಸ್ತುವಾದ್ದರಿಂದ ಅದನ್ನು ಕೊಡಬಹುದು. ವಾದದಲ್ಲಿ ಎದುರಾಳಿಯ ಮಾತನ್ನು ಒಪ್ಪಿಕೊಳ್ಳುವುದಕ್ಕೆ ‘ದಾರ್ ಲಾ ರಾಸೋನ್’, ಅಂದರೆ ರಾಸೋನ್ ಅನ್ನು ಅವನಿಗೆ ಕೊಡುವುದು, ಎಂಬ ನುಡಿಗಟ್ಟಿದೆ. ಈ ನುಡಿಗಟ್ಟಿಗೆ ಒಂದು ಕಹಿ ಬಾಲವೂ ಅಂಟಿಕೊಂಡಿದೆ: ಹುಚ್ಚರಿಗೆ ಕೊಡುವ ಹಾಗೆ ರಾಸೋನ್ ಕೊಡುವುದು. ವಾದಿಸಿ ಫಲವಿಲ್ಲ ಎಂದು ಬಗೆದು, ಒಳಗೊಳಗೇ ನಗುತ್ತ ‘ಹೌದಪ್ಪಾ, ನೀನು ಹೇಳಿದ್ದೇ ಸರಿ’ ಎನ್ನುವುದು. ‘ನೇರ ಮಾತಿನ’ ಭಾಷೆಯಲ್ಲೂ ಹುಸಿ ಒಪ್ಪಿಗೆಗೆ ಇಷ್ಟು ನಿಖರವಾದ ಹೆಸರಿದೆ ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಭಾಷಾಶಾಸ್ತ್ರಜ್ಞರು ಇದನ್ನೆಲ್ಲ ವಿಂಗಡಿಸಿ ನೋಡಿದ್ದಾರೆ. ಜೆಫ್ರಿ ಲೀಚ್ 1983ರ ಪುಸ್ತಕದಲ್ಲಿ ಸೌಜನ್ಯದ ಸೂತ್ರಗಳನ್ನು ಪಟ್ಟಿಮಾಡುವಾಗ ಒಂದನ್ನು ಒಮ್ಮತಕ್ಕೇ ಮೀಸಲಿಟ್ಟರು: ಭಿನ್ನಾಭಿಪ್ರಾಯವನ್ನು ಆದಷ್ಟು ಕಡಿಮೆ ತೋರಿಸು, ಒಮ್ಮತವನ್ನು ಆದಷ್ಟು ಹೆಚ್ಚು ತೋರಿಸು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್ ಹಾಗೂ ದಕ್ಷಿಣ ಭಾರತದ ತಮಿಳು ಭಾಷೆಗಳನ್ನು ಮುಖ್ಯವಾಗಿ ಆಧರಿಸಿ, ಎದುರಿನವರ ‘ಮುಖ’ ಉಳಿಸುವುದೇ ಸೌಜನ್ಯದ ತಿರುಳು ಎಂಬ ಸಿದ್ಧಾಂತ ಕಟ್ಟಿದರು. ಸ್ಪ್ಯಾನಿಷ್ ಭಾಷೆಯನ್ನು ಅಭ್ಯಾಸ ಮಾಡಿದ ಡಯಾನಾ ಬ್ರಾವೊ ಮುಂತಾದವರು ಇದನ್ನು ಪ್ರಶ್ನಿಸಿದರು. ಸ್ಪೇನಿನ ಹರಟೆಯಲ್ಲಿ ಆಪ್ತತೆಗೆ ಬಹಳ ಬೆಲೆ. ಆಪ್ತರ ನಡುವೆ ಖಡಾಖಂಡಿತವಾಗಿ ‘ಇಲ್ಲ’ ಎಂದರೆ ಸಂಬಂಧ ಮುರಿಯುವುದಿಲ್ಲ, ಕೆಲವೊಮ್ಮೆ ಗಟ್ಟಿಯೇ ಆಗುತ್ತದೆ. ಈ ಚರ್ಚೆ ನನಗೆ ಬೆಲೆಯುಳ್ಳದ್ದು. ಆದರೂ ಅದು ಹೆಚ್ಚಾಗಿ ಸಮಾನರು ಕೂತು ಮಾತಾಡುವ ಮೇಜಿನ ಸುತ್ತ ಬೆಳೆದದ್ದು. ಮೇಜಿನ ಒಂದು ತುದಿಯಲ್ಲಿ ಯಜಮಾನ, ಇನ್ನೊಂದು ತುದಿಯಲ್ಲಿ ಗುಮಾಸ್ತ ಇದ್ದರೆ ಏನಾಗುತ್ತದೆಂದು ತಿಳಿಯಲು ಕಥೆಗಳ ಕಡೆ ತಿರುಗಬೇಕು.

*

ಹರ್ಮನ್ ಮೆಲ್ವಿಲ್‌ನ ‘ಬಾರ್ಟಲ್ಬಿ’ 1853ರಲ್ಲಿ ನ್ಯೂಯಾರ್ಕಿನ ಒಂದು ಮಾಸಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬಂದ ಕಥೆ. ವಾಲ್ ಸ್ಟ್ರೀಟಿನ ವಯಸ್ಸಾದ ವಕೀಲನೊಬ್ಬ ಹೇಳುವ ಕಥೆ ಅದು. ಅವನ ಕಚೇರಿಗೆ ಬಾರ್ಟಲ್ಬಿ ಎಂಬ ಬಡಕಲು ನಕಲುಗಾರ ಸೇರುತ್ತಾನೆ. ಮೊದಮೊದಲು ಹಗಲಿರುಳೆನ್ನದೆ ಬರೆಯುತ್ತಾನೆ. ಒಂದು ದಿನ ವಕೀಲ ಒಂದು ಪತ್ರವನ್ನು ತಾಳೆ ನೋಡಲು ಕರೆದಾಗ, ಹಾಗೆ ಮಾಡದಿರುವುದೇ ತನಗೆ ಹಿತ ಎಂಬರ್ಥದ ಒಂದು ಮೆಲುಮಾತು ಹೇಳುತ್ತಾನೆ. ಮುಂದೆ ಏನು ಕೇಳಿದರೂ ಅದೇ ಉತ್ತರ. ಇಂಗ್ಲಿಷ್ ಸಾಹಿತ್ಯದ ಅತಿ ಪ್ರಸಿದ್ಧ ನಿರಾಕರಣೆಯಾದ ಆ ಮಾತಿನಲ್ಲಿ ‘ನೋ’ ಎಂಬ ಪದವೇ ಇಲ್ಲ.

ಅವನು ಆರಿಸಿಕೊಂಡ ಕ್ರಿಯಾಪದ ‘ಪ್ರಿಫರ್’. ಊಟದ ಮೇಜಿನಲ್ಲಿ ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದಾಗ ಬಳಸುವಂಥ ಪದ. ಇಂಗ್ಲಿಷ್ ಸೌಜನ್ಯದ ಎಲ್ಲ ಅಂಗಗಳೂ ಆ ವಾಕ್ಯದಲ್ಲಿವೆ: ಖಚಿತತೆಯನ್ನು ತಗ್ಗಿಸುವ ‘ವುಡ್’, ಇಷ್ಟಾನಿಷ್ಟದ ಮೃದು ಕ್ರಿಯಾಪದ, ಕೊನೆಯಲ್ಲಿ ಅರ್ಧಕ್ಕೇ ನಿಂತ ‘ಟು’. ವಕೀಲನಿಗೆ ಸಿಟ್ಟು ಬರಬೇಕು, ಬರುವುದಿಲ್ಲ. ಸಿಟ್ಟಾಗಲು ಹಿಡಿಯಬೇಕಾದ ಹಿಡಿಯೇ ಆ ಮಾತಿನಲ್ಲಿಲ್ಲ. ಒಂದು ಹಂತದಲ್ಲಿ ಅವನು ಆ ಮೆಲುಮಾತನ್ನು ಬಿಡಿಸಿ, ಹಾಗಾದರೆ ಮಾಡುವುದಿಲ್ಲ ಎನ್ನುತ್ತೀಯಾ ಎಂದು ಕೇಳುತ್ತಾನೆ. ಬಾರ್ಟಲ್ಬಿ ಅವನನ್ನು ತಿದ್ದುತ್ತಾನೆ: ತಾನು ಹೇಳಿದ್ದು ಹಿತದ ಮಾತು ಮಾತ್ರ. ಕಥೆಯ ಜೀವ ಈ ತಿದ್ದುಪಡಿಯಲ್ಲಿದೆ ಎಂದು ನನ್ನ ಎಣಿಕೆ. ತನ್ನ ಮಾತನ್ನು ಸರಳವಾದ ‘ಇಲ್ಲ’ವಾಗಿ ಅನುವಾದಿಸಿಕೊಳ್ಳಲು ಅವನು ಯಜಮಾನನಿಗೆ ಬಿಡುವುದಿಲ್ಲ. ಸ್ವಲ್ಪ ಕಾರಣಕ್ಕೆ ಬಗ್ಗು, ವಿವೇಕದಿಂದಿರು ಎಂದು ಕೇಳಿಕೊಂಡಾಗ ಅದೂ ತನಗೆ ಸದ್ಯಕ್ಕೆ ಹಿತವಲ್ಲ ಎನ್ನುತ್ತಾನೆ. ರಾಸೋನ್ ತನ್ನ ಬಳಿ ಇದೆಯೆಂದು ಅವನು ವಾದಿಸುವುದೇ ಇಲ್ಲ. ಅದರ ಕೊಡುಕೊಳ್ಳುವಿಕೆಯಿಂದಲೇ ಹೊರಗೆ ನಿಲ್ಲುತ್ತಾನೆ. ಇನ್ನೊಂದು ತಮಾಷೆಯೆಂದರೆ ಆ ಪದ ಕಚೇರಿಗೆಲ್ಲ ಸೋಂಕಿನಂತೆ ಹರಡುವುದು. ಉಳಿದ ಗುಮಾಸ್ತರೂ ಕೊನೆಗೆ ವಕೀಲನೂ ತಮಗರಿವಿಲ್ಲದೆಯೇ ಅದನ್ನು ಬಳಸತೊಡಗುತ್ತಾರೆ.

ಈ ಕಥೆಯನ್ನು ಸ್ಪ್ಯಾನಿಷಿಗೆ ತಂದವರಲ್ಲಿ ಬೋರ್ಹೆಸ್ ಒಬ್ಬ. ಅವನ ಅನುವಾದ 1940ರ ದಶಕದಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪ್ರಕಟವಾಯಿತು. ಅವನಿಗೆ ಎದುರಾದ ತೊಡಕು ಚಿಕ್ಕದಾಗಿ ಕಾಣುತ್ತದೆ. ಸ್ಪ್ಯಾನಿಷಿನಲ್ಲಿ ವಾಕ್ಯವನ್ನು ‘ಟು’ ಎಂಬಲ್ಲಿ ನೇತುಬಿಡಲು ಬರುವುದಿಲ್ಲ. ‘ವುಡ್’ಗೆ ಸಂಭಾವನಾ ರೂಪ ಸಿಕ್ಕಿತು, ‘ಪ್ರಿಫರ್’ಗೆ ಅದರ ಲ್ಯಾಟಿನ್ ಸೋದರ ಸಿಕ್ಕಿತು, ಕೊನೆಯಲ್ಲಿ ಮಾತ್ರ ‘ಮಾಡು’ ಎಂಬ ಕ್ರಿಯಾಪದವನ್ನೂ ‘ಅದನ್ನು’ ಎಂಬ ಸರ್ವನಾಮವನ್ನೂ ಸೇರಿಸಬೇಕಾಯಿತು. ವಾಕ್ಯ ಪೂರ್ಣವಾಯಿತು, ಅಷ್ಟರಮಟ್ಟಿಗೆ ಬಾರ್ಟಲ್ಬಿ ಬದಲಾದ. ಇಂಗ್ಲಿಷಿನ ಬಾರ್ಟಲ್ಬಿ ಏನನ್ನು ನಿರಾಕರಿಸುತ್ತಿದ್ದಾನೆ ಎಂಬುದು ಕೊನೆಯವರೆಗೂ ತೆರೆದೇ ಇರುತ್ತದೆ. ಒಂದು ಕೆಲಸವೋ, ಕಚೇರಿಯೋ, ಬದುಕೋ ಗೊತ್ತಾಗುವುದಿಲ್ಲ. ಸ್ಪ್ಯಾನಿಷಿನ ಬಾರ್ಟಲ್ಬಿಯ ಎದುರಿಗೆ ಒಂದು ‘ಅದು’ ಇದೆ. ಕನ್ನಡಕ್ಕೆ ತಂದರೂ ನಾವು ಹೀಗೇ ಏನನ್ನಾದರೂ ತುಂಬಬೇಕಾಗುತ್ತದೆ. ಇದನ್ನು ಬೋರ್ಹೆಸ್‌ನ ಸೋಲೆಂದು ನಾನು ಹೇಳಲಾರೆ. ಬಾರ್ಟಲ್ಬಿಯ ಅಸ್ತ್ರ ಯಾವ ಲೋಹದ್ದು ಎಂಬುದು ನನಗೆ ಕಂಡದ್ದೇ ಈ ಅನುವಾದದ ಬೆಳಕಿನಲ್ಲಿ. ಯಜಮಾನರು ತಮ್ಮ ತಮ್ಮಲ್ಲಿ ಬಳಸಿಕೊಳ್ಳುವ ಸೌಜನ್ಯದ ವ್ಯಾಕರಣವನ್ನು ಕೆಳಗಿನವನೊಬ್ಬ ಎತ್ತಿಕೊಂಡು ಯಜಮಾನನ ಮೇಲೇ ಪ್ರಯೋಗಿಸುತ್ತಾನೆ. ಅದಕ್ಕೆ ಅವನು ತೆತ್ತ ಬೆಲೆಯೂ ಸಣ್ಣದಲ್ಲ: ಕೊನೆಗೆ ಸೆರೆಮನೆ ಸೇರಿ, ಊಟವನ್ನೂ ನಿರಾಕರಿಸಿ, ಗೋಡೆಯ ಬುಡದಲ್ಲಿ ಸಾಯುತ್ತಾನೆ.

*

ಇಂಗ್ಲಿಷಿನ ಈ ಮೆಲುದನಿಯ ‘ಇಲ್ಲ’ಕ್ಕೆ ಎದುರಾಗಿ ಸ್ಪ್ಯಾನಿಷಿನ ಒಂದು ‘ಹೌದು’ ಇದೆ. ಲೆಯಾಂದ್ರೊ ಫೆರ್ನಾಂದೆಸ್ ದೆ ಮೊರಾತಿನ್‌ನ ನಾಟಕವೊಂದರ ಹೆಸರಲ್ಲೇ ಅದು ನಿಂತಿದೆ. ‘ಎಲ್ ಸೀ ದೆ ಲಾಸ್ ನಿನ್ಯಾಸ್’, ಅಂದರೆ ‘ಹುಡುಗಿಯರ ಹೌದು’, 1806ರ ಜನವರಿಯಲ್ಲಿ ಮ್ಯಾಡ್ರಿಡ್‌ನಲ್ಲಿ ರಂಗವೇರಿತು. ಕಥೆ ನಡೆಯುವುದು ಆಲ್ಕಲಾ ದೆ ಎನಾರೆಸ್‌ನ ಒಂದು ಛತ್ರದಲ್ಲಿ, ಒಂದು ಸಂಜೆಯಿಂದ ಮರುದಿನ ನಸುಕಿನವರೆಗೆ. 16ರ ಹುಡುಗಿ ಫ್ರಾನ್ಸಿಸ್ಕಾಳನ್ನು ಅವಳ ವಿಧವೆ ತಾಯಿ ಇರೇನೆ, 59ರ ಶ್ರೀಮಂತ ದೊನ್ ದಿಯೇಗೊಗೆ ಮದುವೆ ಮಾಡಿಕೊಡಲು ಹೊರಟಿದ್ದಾಳೆ. ಕಾನ್ವೆಂಟಿನಲ್ಲಿ ಬೆಳೆದ ಹುಡುಗಿ ಒಬ್ಬ ಯುವ ಸೇನಾಧಿಕಾರಿಯನ್ನು ಪ್ರೀತಿಸಿದ್ದಾಳೆ. ಅವನು ದಿಯೇಗೊನ ಸ್ವಂತ ಸೋದರಳಿಯ ಎಂಬುದು ಯಾರಿಗೂ ತಿಳಿಯದು.

ಮೊರಾತಿನ್‌ನ ಕೌಶಲ ಇರುವುದು ದಿಯೇಗೊನನ್ನು ದುಷ್ಟನಾಗಿಸದೆ ಇದ್ದುದರಲ್ಲಿ. ಮುದುಕ ಸಜ್ಜನ. ಹುಡುಗಿಯ ನಿಜವಾದ ಮನಸ್ಸು ಏನೆಂದು ಅವಳ ಬಾಯಿಂದಲೇ ಕೇಳಬೇಕೆಂಬುದು ಅವನ ಹಂಬಲ. ಅವನು ಕೇಳಿದಾಗಲೆಲ್ಲ ತಾಯಿ ನಡುವೆ ಬಾಯಿ ಹಾಕಿ ಮಗಳ ಪರವಾಗಿ ಉತ್ತರಿಸುತ್ತಾಳೆ. ಇದು ನಗೆಯ ದೃಶ್ಯ. ನಗು ನಿಂತ ಮೇಲೆ ಭಯವಾಗುತ್ತದೆ. ಕೊನೆಗೆ ಒಬ್ಬಳೇ ಸಿಕ್ಕಾಗ ಕೇಳಿದರೆ, ಅಮ್ಮ ಹೇಳಿದ ಹಾಗೆ ಮಾಡುತ್ತೇನೆ, ನಿಮ್ಮನ್ನು ಮದುವೆಯಾಗುತ್ತೇನೆ ಎಂಬುದೇ ಅವಳ ಉತ್ತರ. ಆಗ ದಿಯೇಗೊ ಸಿಡಿದೇಳುತ್ತಾನೆ. ಮನಸ್ಸಿನಲ್ಲಿರುವುದನ್ನು ಮುಚ್ಚಿಡಲು ಕಲಿಸುವುದಕ್ಕೇ ಹೆಣ್ಣುಮಕ್ಕಳ ಒಳ್ಳೆಯ ಶಿಕ್ಷಣವೆಂದು ಹೆಸರು ಕೊಟ್ಟಿದ್ದೇವಲ್ಲ ಎಂಬುದು ಅವನ ಸಿಟ್ಟಿನ ಸಾರ. ಸುಳ್ಳು ‘ಹೌದು’ ಹೇಳಲು ಪಳಗಿದವಳೇ ಸುಶೀಲೆ.

ನಾಟಕ ಸುಖಾಂತ್ಯವಾಗುತ್ತದೆ. ಮುದುಕ ಹಿಂದೆ ಸರಿದು ಪ್ರೇಮಿಗಳನ್ನು ಸೇರಿಸುತ್ತಾನೆ. ಇದನ್ನು ಸ್ತ್ರೀಸ್ವಾತಂತ್ರ್ಯದ ನಾಟಕವೆಂದು ಹೊಗಳುವ ವಿಮರ್ಶೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತಮ್ಮ ಕಾಲದ ಮದುವೆಯ ಮಾರುಕಟ್ಟೆಯನ್ನು ರಂಗದ ಮೇಲೆ ತಂದು ನಿಲ್ಲಿಸಿದ್ದು ದೊಡ್ಡ ಕೆಲಸವೇ. ಆದರೆ ಗಮನಿಸಿ: ಇಡೀ ನಾಟಕದಲ್ಲಿ ಫ್ರಾನ್ಸಿಸ್ಕಾ ಅವನ ಮುಖಕ್ಕೆ ‘ಇಲ್ಲ’ ಎನ್ನುವುದಿಲ್ಲ. ಯುದ್ಧ ಕಂಡ ಅಳಿಯನೂ ಮಾವ ಹೊರಡು ಎಂದ ಕೂಡಲೇ ತಲೆತಗ್ಗಿಸಿ ಹೊರಡುತ್ತಾನೆ. ಅವರಿಬ್ಬರ ಬಿಡುಗಡೆ ಮುದುಕನ ಒಳ್ಳೆಯತನದಿಂದ ಸಿಕ್ಕ ದಾನ. ದಿಯೇಗೊನ ಜಾಗದಲ್ಲಿ ಅಷ್ಟು ಸಜ್ಜನನಲ್ಲದ ಮುದುಕನೊಬ್ಬನಿದ್ದಿದ್ದರೆ ಆ ‘ಹೌದು’ ಹಾಗೆಯೇ ನಿಂತುಬಿಡುತ್ತಿತ್ತು. ಮೊರಾತಿನ್ ಹುಸಿ ಒಪ್ಪಿಗೆಯ ರೋಗವನ್ನು ಸರಿಯಾಗಿ ಗುರುತಿಸಿದ. ಮದ್ದಾಗಿ ಕೊಟ್ಟದ್ದು ಮಾತ್ರ ಒಳ್ಳೆಯ ಯಜಮಾನನನ್ನು. ‘ಸ್ಪ್ಯಾನಿಷ್ ನೇರ ಮಾತಿನ ಭಾಷೆ’ ಎನ್ನುವವರು ಈ ನಾಟಕವನ್ನು ಒಮ್ಮೆ ಓದಬೇಕು. ನೇರ ಮಾತು ಆ ಛತ್ರದಲ್ಲಿ ಒಬ್ಬನ ಸೊತ್ತು ಮಾತ್ರ. ಆ ಒಬ್ಬ ಗಂಡಸು, ಹಿರಿಯ, ಹಣವಂತ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ‘ಹೌದು’ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ನಲ್ಲಿದೆ. 1922ರ ಆ ಕಾದಂಬರಿಯ ಕೊನೆಯ ಅಧ್ಯಾಯ ಮೋಲಿ ಬ್ಲೂಮ್‌ಳ ಮನಸ್ಸಿನ ಹರಿವು. ‘ಯೆಸ್’ ಎಂಬ ಪದದಿಂದ ಶುರುವಾಗಿ ಅದೇ ಪದದಲ್ಲಿ ಮುಗಿಯುತ್ತದೆ. ಮೋಲಿ ಹುಟ್ಟಿ ಬೆಳೆದದ್ದು ಜಿಬ್ರಾಲ್ಟರ್‌ನಲ್ಲಿ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಒಂದೇ ಬೀದಿಯಲ್ಲಿ ನಡೆದಾಡುವ ಬಂಡೆಯ ಮೇಲೆ. ಕೊನೆಯಲ್ಲಿ ಅವಳು ನೆನೆಯುವುದು ಬ್ಲೂಮ್ ಮದುವೆಗೆ ಕೇಳಿದ ದಿನವನ್ನು. ಉತ್ತರಿಸುವ ಮುನ್ನ ಅವಳ ಮನಸ್ಸು ಜಿಬ್ರಾಲ್ಟರ್‌ಗೆ ಹೋಗಿ, ಅಲ್ಲಿನ ಹಳೆಯ ಪ್ರೇಮಿಯನ್ನು ಕಂಡು, ಬೇರೆಯವನಿಗಿಂತ ಇವನೇನು ಕಡಿಮೆ ಎಂದು ಲೆಕ್ಕ ಹಾಕಿ ಮರಳುತ್ತದೆ. ಅವಳನ್ನು ಬೇಡುತ್ತಿರುವವನು ಕಾಯುತ್ತಾನೆ. ಅವಳ ಪರವಾಗಿ ಉತ್ತರಿಸಲು ತಾಯಿ ಪಕ್ಕದಲ್ಲಿಲ್ಲ. ಆ ‘ಯೆಸ್’ಗೆ ಅಷ್ಟು ಶಕ್ತಿ ಬಂದಿರುವುದು ಅದರ ಹಿಂದೆ ‘ಇಲ್ಲ’ ಎನ್ನುವ ಸಾಧ್ಯತೆ ಪೂರ್ತಿ ಜೀವಂತವಾಗಿರುವುದರಿಂದ.

ಈ ಕೊನೆಯ ಪುಟವನ್ನೂ 1925ರಲ್ಲೇ ಬೋರ್ಹೆಸ್ ‘ಪ್ರೋವಾ’ ಪತ್ರಿಕೆಗಾಗಿ ಸ್ಪ್ಯಾನಿಷಿಗೆ ತಂದಿದ್ದ. ಇಡೀ ಕಾದಂಬರಿಯ ಮೊದಲ ಸ್ಪ್ಯಾನಿಷ್ ಅನುವಾದ, ಸಾಲಾಸ್ ಸುಬಿರಾತ್‌ನದು, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಂತು. ಸ್ಪ್ಯಾನಿಷಿನಲ್ಲಿ ‘ಯೆಸ್’ ಎಂಬುದು ‘ಸೀ’. ಅದೇ ಎರಡಕ್ಷರದ ಪದದಿಂದ ಮೇಲಿನ ಗೆರೆಯೊಂದನ್ನು ತೆಗೆದರೆ ಅರ್ಥ ‘ಒಂದು ವೇಳೆ’ ಎಂದಾಗುತ್ತದೆ. ಇದು ಬರೀ ಕಾಗುಣಿತದ ಆಕಸ್ಮಿಕ, ನಿಜ. ಆದರೂ ವಿರಾಮಚಿಹ್ನೆಗಳಿಲ್ಲದ ಆ ಪುಟವನ್ನು ಓದುವಾಗ, ಒಪ್ಪಿಗೆಯೂ ‘ಒಂದು ವೇಳೆ’ಯೂ ಇಷ್ಟು ಹತ್ತಿರ ಇರುವುದು ಮೋಲಿಗೆ ತಕ್ಕದ್ದೆನಿಸುತ್ತದೆ. ಫ್ರಾನ್ಸಿಸ್ಕಾಳ ‘ಸೀ’ಯಲ್ಲಿ ಇಲ್ಲದೆ ಹೋದದ್ದು ಈ ‘ಒಂದು ವೇಳೆ’ಯೇ.

*

ಒಪ್ಪಿಗೆ ಹುಸಿಯಾಗುವುದು ಭಯದಿಂದ ಮಾತ್ರವಲ್ಲ, ತಮಾಷೆಯಿಂದಲೂ. ‘ಹುಚ್ಚರಿಗೆ ಕೊಡುವ ಹಾಗೆ ರಾಸೋನ್ ಕೊಡುವುದು’ ಎಂಬ ನುಡಿಗಟ್ಟನ್ನು ಇಲ್ಲಿ ನೆನೆಯಬೇಕು. 1605ರಲ್ಲಿ ಬಂದ ‘ಡಾನ್ ಕಿಹೋಟೆ’ಯ ಮೊದಲ ಭಾಗದಲ್ಲಿ ಅದಕ್ಕೊಂದು ಪೂರ್ಣ ದೃಶ್ಯವಿದೆ. ಕಿಹೋಟೆ ದಾರಿಯಲ್ಲಿ ಕ್ಷೌರಿಕನೊಬ್ಬನ ಹಿತ್ತಾಳೆ ಬೋಗುಣಿಯನ್ನು ಕಿತ್ತುಕೊಂಡು, ಇದು ಮಾಂಬ್ರಿನೊ ರಾಜನ ಶಿರಸ್ತ್ರಾಣ ಎಂದು ತಲೆಗೆ ಏರಿಸಿರುತ್ತಾನೆ. ಮುಂದೆ ಛತ್ರವೊಂದರಲ್ಲಿ ಆ ಕ್ಷೌರಿಕ ಎದುರಾಗಿ, ಇದು ನನ್ನ ಬೋಗುಣಿ ಎನ್ನುತ್ತಾನೆ. ಅಲ್ಲಿ ನೆರೆದ ಪಾದ್ರಿ, ದೊನ್ ಫೆರ್ನಾಂದೊ ಮೊದಲಾದ ಮರ್ಯಾದಸ್ಥರಿಗೆ ಕಿಹೋಟೆಯ ಹುಚ್ಚು ಗೊತ್ತು. ಬೇಕೆಂದೇ ಅವನ ಪರ ವಹಿಸುತ್ತಾರೆ. ಫೆರ್ನಾಂದೊ ಒಬ್ಬೊಬ್ಬರ ಕಿವಿಯಲ್ಲಿ ಪಿಸುಗುಟ್ಟಿ ಮತವನ್ನೂ ಎಣಿಸುತ್ತಾನೆ. ಬಹುಮತ ಹುಚ್ಚನ ಕಡೆಗೆ. ಬಡ ಕ್ಷೌರಿಕ ತನ್ನ ಕಣ್ಣನ್ನೇ ನಂಬಲಾರದೆ ನಿಲ್ಲುತ್ತಾನೆ. ಕೊನೆಗೆ ಛತ್ರವೆಲ್ಲ ಹೊಡೆದಾಟ.

ಆ ದೃಶ್ಯದಲ್ಲಿ ಪ್ರಾಮಾಣಿಕವಾದ ಮಾತು ಬರುವುದು ಸಾಂಚೊನ ಬಾಯಿಂದ. ಅವನಿಗೆ ಅದು ಬೋಗುಣಿಯೆಂದು ಗೊತ್ತು. ತನ್ನ ಒಡೆಯನನ್ನು ಸುಳ್ಳುಗಾರ ಎನ್ನಲೂ ಮನಸ್ಸಿಲ್ಲ. ಬೋಗುಣಿಗೆ ಸ್ಪ್ಯಾನಿಷಿನಲ್ಲಿ ‘ಬಾಸೀಯಾ’, ಶಿರಸ್ತ್ರಾಣಕ್ಕೆ ‘ಯೆಲ್ಮೊ’. ಅವನು ಎರಡನ್ನೂ ಬೆಸೆದು ‘ಬಾಸಿಯೆಲ್ಮೊ’ ಎಂಬ ಹೊಸ ಪದ ಹುಟ್ಟಿಸುತ್ತಾನೆ. ನಾವು ‘ಬೋಗುಣಿತ್ರಾಣ’ ಎಂದು ನಗಬಹುದು. ಇದನ್ನು ಸತ್ಯದ ಹಲವು ಮುಖಗಳ ಸಂಕೇತವೆಂದು ಓದುವವರಿದ್ದಾರೆ. ನನಗೆ ಕಾಣುವುದು ಅದಕ್ಕಿಂತ ಸಾಮಾನ್ಯವಾದ, ಅದಕ್ಕಿಂತ ಮನುಷ್ಯವಾದ ಸಂಗತಿ. ಪ್ರೀತಿಸುವವನ ಜೊತೆ ಭಿನ್ನಮತ ಇರುವ ಒಬ್ಬ ಸೇವಕ, ಒಪ್ಪದೆಯೂ ಬಿಟ್ಟುಹೋಗದೆಯೂ ಇರಲು ಮಾಡಿಕೊಂಡ ಜಾಗ ಆ ಪದ. ಬೇರೆ ಸಮಯದಲ್ಲಿ ಅವನು ಗಾದೆಗಳ ಮೇಲೆ ಗಾದೆ ಹೇರಿ ಒಡೆಯನ ಮಾತನ್ನು ಅಲ್ಲಗಳೆಯುತ್ತಾನೆ, ಒಡೆಯ ರೇಗುತ್ತಾನೆ, ಇಬ್ಬರೂ ಮತ್ತೆ ಜೊತೆಯಲ್ಲೇ ಹೊರಡುತ್ತಾರೆ. ಪಾದ್ರಿಯ ಒಪ್ಪಿಗೆ ಕಿಹೋಟೆಯನ್ನು ಆಟಿಕೆಯಾಗಿಸುತ್ತದೆ, ಸಾಂಚೊನ ಭಿನ್ನಮತ ಅವನನ್ನು ಮನುಷ್ಯನಾಗಿ ಉಳಿಸುತ್ತದೆ. ಸ್ಪ್ಯಾನಿಷ್ ಆಪ್ತತೆಯಲ್ಲಿ ಜಗಳಕ್ಕೂ ಜಾಗವಿದೆ ಎಂದು ಭಾಷಾಶಾಸ್ತ್ರಜ್ಞರು ಹೇಳುವುದನ್ನು ನಾನು ನಂಬುವುದು ಈ ಜೋಡಿಯ ಸಲುವಾಗಿ.

*

ಕೊನೆಯದಾಗಿ ಕಥೆಯಿಂದ ಹೊರಗೆ ಬರೋಣ. ಮಿಗೆಲ್ ದೆ ಉನಮುನೊ ಭಿನ್ನಮತವನ್ನೇ ಉಸಿರಾಡಿದ ಲೇಖಕ. 1914ರ ‘ನಿಯೆಬ್ಲಾ’ ಕಾದಂಬರಿಯಲ್ಲಿ ಪಾತ್ರವೊಂದು ಲೇಖಕನನ್ನೇ ಹುಡುಕಿಕೊಂಡು ಸಾಲಮಾಂಕಕ್ಕೆ ಬಂದು, ನೀನು ನನ್ನನ್ನು ಸಾಯಿಸಕೂಡದು ಎಂದು ವಾದಕ್ಕಿಳಿಯುತ್ತದೆ. 1936ರ ಜುಲೈನಲ್ಲಿ ಸೈನಿಕ ದಂಗೆ ಎದ್ದಾಗ ಆರಂಭದಲ್ಲಿ ಉನಮುನೊ ಅದನ್ನು ಬೆಂಬಲಿಸಿದ್ದ. ಬರಬರುತ್ತ ಅವನ ಸ್ನೇಹಿತರು ಬಂಧನಕ್ಕೊಳಗಾದರು, ಕೊಲೆಯಾದರು. ಅಕ್ಟೋಬರ್ 12ರಂದು ಸಾಲಮಾಂಕ ವಿಶ್ವವಿದ್ಯಾಲಯದಲ್ಲಿ ಸಮಾರಂಭ. ರೆಕ್ಟರ್ ಆಗಿ ಉನಮುನೊ ಅಧ್ಯಕ್ಷ. ವೇದಿಕೆಯ ಮೇಲೆ ಬಿಷಪ್, ಫ್ರಾಂಕೊನ ಹೆಂಡತಿ, ಲೀಜನ್ ಸೇನೆ ಕಟ್ಟಿದ ಮಿಯಾನ್ ಆಸ್ತ್ರಾಯ್. ಭಾಷಣಕಾರನೊಬ್ಬ ಕ್ಯಾಟಲೋನಿಯಾ ಮತ್ತು ಬಾಸ್ಕ್ ಪ್ರಾಂತಗಳನ್ನು ಹಳಿದ. ಬಾಸ್ಕ್ ನಾಡಿನ ಬಿಲ್ಬಾವೊದಲ್ಲಿ ಹುಟ್ಟಿದ ಉನಮುನೊ ತನ್ನ ಜೇಬಿನಲ್ಲಿದ್ದ ಒಂದು ಕಾಗದದ ಮೇಲೆ ಕೆಲವು ಪದಗಳನ್ನು ಗೀಚಿಕೊಂಡು ಎದ್ದು ನಿಂತ. ಅದು ಬಂಧಿತನಾಗಿದ್ದ ಪಾದ್ರಿ ಮಿತ್ರನೊಬ್ಬನ ಹೆಂಡತಿ ನೆರವು ಕೋರಿ ಬರೆದ ಪತ್ರ. ಅದರ ಮೇಲಿನ ಟಿಪ್ಪಣಿಯಲ್ಲಿ ಎರಡು ಕ್ರಿಯಾಪದಗಳು ಜೊತೆಗೂಡಿವೆ: ‘ವೆನ್ಸೆರ್’ ಮತ್ತು ‘ಕೊನ್ವೆನ್ಸೆರ್’. ಗೆಲ್ಲುವುದು, ಮನವೊಪ್ಪಿಸುವುದು.

ಆ ಭಾಷಣದ ಮಾತುಗಳೆಂದು ಇಂದು ಜಗತ್ತೆಲ್ಲ ಉಲ್ಲೇಖಿಸುವುದು ಎಲ್ಲಿಂದ ಬಂತು? ಸ್ಪ್ಯಾನಿಷ್‌ನ ಅತಿ ಪ್ರಸಿದ್ಧ ಭಿನ್ನಮತ ಪೂರ್ಣರೂಪದಲ್ಲಿ ಅಚ್ಚಾದದ್ದು ಇಂಗ್ಲಿಷಿನಲ್ಲಿ, 1941ರಲ್ಲಿ, ಲಂಡನ್ನಿನ ‘ಹೊರೈಜ಼ನ್’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ. ಬರೆದವರು ದೇಶಭ್ರಷ್ಟರಾಗಿ ಇಂಗ್ಲೆಂಡ್ ಸೇರಿದ್ದ ಲೂಯಿಸ್ ಪೋರ್ತಿಯೊ. ಅವರು ಆ ದಿನ ಸಭೆಯಲ್ಲಿ ಇರಲಿಲ್ಲ. 1961ರಲ್ಲಿ ಹ್ಯೂ ಥಾಮಸ್ ಸ್ಪೇನಿನ ಅಂತರ್ಯುದ್ಧದ ಇತಿಹಾಸ ಬರೆದಾಗ ಈ ಪಾಠವನ್ನು ಬಳಸಿಕೊಂಡರು. ಅಲ್ಲಿಂದ ಅದು ಎಲ್ಲೆಡೆ ಹಬ್ಬಿತು. ಸಾಲಮಾಂಕದ ಗ್ರಂಥಪಾಲಕ ಸೆವೆರಿಯಾನೊ ದೆಲ್ಗಾದೊ 2018ರಲ್ಲಿ, ಇದು ಪೋರ್ತಿಯೊ ಅವರ ಸಾಹಿತ್ಯಕ ಮರುಸೃಷ್ಟಿ, ನಡೆದದ್ದರ ವರದಿಯಲ್ಲ ಎಂದು ವಾದಿಸಿದರು.

ಈ ವಾದ ಬಂದಾಗ ಕೆಲವರಿಗೆ ನಿರಾಸೆಯಾಯಿತು, ಕೆಲವರಿಗೆ ಖುಷಿಯಾಯಿತು. ಎರಡನ್ನೂ ನಾನು ಒಪ್ಪಲಾರೆ. ಸುಂದರವಾದ ಮಾತುಗಳು ಉನಮುನೊನದಲ್ಲದೆ ಇರಬಹುದು. ಅವನು ಎದ್ದು ನಿಂತದ್ದು, ಆ ಎರಡು ಕ್ರಿಯಾಪದಗಳನ್ನು ಬರೆದುಕೊಂಡದ್ದು, ಆ ತಿಂಗಳಲ್ಲೇ ರೆಕ್ಟರ್ ಹುದ್ದೆ ಕಳೆದುಕೊಂಡದ್ದು, ಡಿಸೆಂಬರ್ 31ರಂದು ಮನೆಯಲ್ಲಿ ಬಹುಮಟ್ಟಿಗೆ ಬಂಧಿಯಾಗಿಯೇ ತೀರಿಕೊಂಡದ್ದು ಉಳಿಯುತ್ತದೆ. ಹಿಂದೆ ‘ಹೌದು’ ಎಂದಿದ್ದವನು ಈಗ ‘ಇಲ್ಲ’ ಎಂದ. ಒಪ್ಪಿಗೆಯನ್ನು ‘ಎಸ್ತಾರ್’ನ ಪಾಲಿಗೆ ಹಾಕಿದ ಭಾಷೆ ಅದಕ್ಕೆ ಎಡೆ ಕೊಟ್ಟಿದೆ. ಭಿನ್ನಮತಕ್ಕೆ ವಾಗ್ಮಿತೆ ಬೇಕೇಬೇಕೆಂದು ಯಾರು ಹೇಳಿದರು? ನಾವು ಓದುಗರು ಪೋರ್ತಿಯೊನ ಪಾಠವನ್ನು ಅಷ್ಟು ಸುಲಭವಾಗಿ ಒಪ್ಪಿದ್ದು ನಮಗೆ ವೀರನೊಬ್ಬ ಬೇಕಾಗಿದ್ದ ಕಾರಣಕ್ಕೆ. ಹಾಗೆ ಒಪ್ಪುವುದೂ ಒಂದು ರೀತಿಯಲ್ಲಿ ಪ್ರಶ್ನೆ ಕೇಳದ ‘ಸೀ’ ಆಗಿತ್ತು. ದೆಲ್ಗಾದೊ ಅದಕ್ಕೆ ಎದುರಾಗಿ ನಿಂತದ್ದು ಉನಮುನೊನಿಗೆ ಸಲ್ಲಿಸಿದ ಗೌರವವೇ ಎಂದು ನಾನು ತಿಳಿಯುತ್ತೇನೆ.

ಆ ಎರಡು ಕ್ರಿಯಾಪದಗಳ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಬಂದಾಗ ‘ವಿನ್’ ಮತ್ತು ‘ಕನ್ವಿನ್ಸ್’ ದನಿಯಲ್ಲಿ ಹತ್ತಿರವಿದ್ದರೂ ಹುಟ್ಟಿನಲ್ಲಿ ನೆಂಟರಲ್ಲ. ಸ್ಪ್ಯಾನಿಷಿನಲ್ಲಿ ಎರಡನೆಯದು ಮೊದಲನೆಯದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದೆ: ಮನವೊಪ್ಪಿಸುವುದರಲ್ಲೂ ಒಂದು ಗೆಲುವಿದೆ, ಆದರೆ ಅದು ಜೊತೆಗೂಡಿ ಗೆಲ್ಲುವುದು. ‘ಗೆಲ್ಲು’, ‘ಮನ ಗೆಲ್ಲು’ ಎಂಬ ಜೋಡಿ ಇರುವ ಕನ್ನಡಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ವಕೀಲ ಬಾರ್ಟಲ್ಬಿಯನ್ನು, ಇರೇನೆ ಮಗಳನ್ನು, ಛತ್ರದ ಮರ್ಯಾದಸ್ಥರು ಕ್ಷೌರಿಕನನ್ನು ಮೊದಲನೆಯ ಅರ್ಥದಲ್ಲಿ ಗೆಲ್ಲಲು ನೋಡಿದರು. ಎರಡನೆಯ ಅರ್ಥದ ಗೆಲುವಿಗೆ, ಬ್ಲೂಮ್ ಕಾದ ಹಾಗೆ, ಎದುರಿನವರ ಉತ್ತರಕ್ಕಾಗಿ ಕಾಯಬೇಕಾಗುತ್ತದೆ.

ಹೀಗಾಗಿ ಒಪ್ಪಿಗೆಯ ಮಾತುಗಳ ಪಟ್ಟಿಯನ್ನು ಎಸೆಯಿರಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಭಾಷೆ ಕಲಿಯಲು ಅದು ಬೇಕು. ಕಥೆಯನ್ನೋ ನಾಟಕವನ್ನೋ ಓದುವಾಗ ಒಂದು ‘ಹೌದು’ ಎದುರಾದರೆ ಸ್ವಲ್ಪ ತಡೆದು, ಅದನ್ನು ಹೇಳಿದವರ ಸುತ್ತ ಕೋಣೆಯಲ್ಲಿ ಬೇರೆ ಯಾರಿದ್ದಾರೆ ಎಂದು ನೋಡಿ. ಬಾಗಿಲು ಯಾವ ಕಡೆಗಿದೆ, ಅದರ ಚಿಲಕ ಯಾರ ಕೈಯಲ್ಲಿದೆ ಎಂದೂ ನೋಡಿ.